ಕಡಲ ತೀರದಲ್ಲೊಂದು ಇಳಕಲ್ ಮನೆ

ಚೆನ್ನೈನಿಂದ ಮಹಾಬಲಿಪುರದತ್ತ ಹೊರಟರೆ, ಪೂರ್ವ ಕರಾವಳಿ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ದೂರದಲ್ಲಿ ಮುಟ್ಟುಕಾಡು ಸಿಗುತ್ತದೆ. ಉಪ್ಪುಗಾಳಿ ಬೀಸುವ ಈ ಊರಿನಲ್ಲಿ, ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರ ಮನೆಯೊಂದು ನಿಂತಿದೆ. ಹತ್ತು ಹೆಜ್ಜೆ ಆಚೀಚೆ ನಡೆದರೆ ಚಿಕ್ಕಮಗಳೂರಿನ ಮನೆ, ಕೊಟ್ಟಾಯಂ ಕಡೆಯ ಸಿರಿಯನ್ ಕ್ರೈಸ್ತರ ಮನೆ, ಚೆಟ್ಟಿನಾಡಿನ ವ್ಯಾಪಾರಿಯ ಮನೆ, ಕರಾವಳಿ ಆಂಧ್ರದ ದುಂಡನೆಯ ಗುಡಿಸಲು. ದಕ್ಷಿಣದ ರಾಜ್ಯಗಳು ಇಲ್ಲಿ ಒಂದೇ ಊರಿನ ಕೇರಿಗಳಾಗಿವೆ. ಇದು ದಕ್ಷಿಣಚಿತ್ರ ಎಂಬ ಬಯಲು ವಸ್ತುಸಂಗ್ರಹಾಲಯ.

ಅಮೆರಿಕದಲ್ಲಿ ಹುಟ್ಟಿ ಚೆನ್ನೈಗೆ ಬಂದು ನೆಲೆಸಿದ ಕಲಾ ಇತಿಹಾಸಕಾರ್ತಿ ಡೆಬೊರಾ ತ್ಯಾಗರಾಜನ್ 1984ರಲ್ಲಿ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ಕಟ್ಟಿದರು. ಹನ್ನೆರಡು ವರ್ಷಗಳ ನಂತರ, 1996ರ ಡಿಸೆಂಬರಿನಲ್ಲಿ, ದಕ್ಷಿಣಚಿತ್ರ ಜನರಿಗೆ ತೆರೆದುಕೊಂಡಿತು. ಹತ್ತು ಎಕರೆಯ ಈ ಜಾಗದ ವಿನ್ಯಾಸದ ಹಿಂದೆ ಇದ್ದವರು, ಕಡಿಮೆ ಖರ್ಚಿನ ಕಟ್ಟಡಗಳಿಗೆ ಹೆಸರಾದ ಲಾರಿ ಬೇಕರ್. ಮುಂದಿನ ಕೆಲಸವನ್ನು ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್ ನಡೆಸಿದರು.

ಆಗ ಚೆಟ್ಟಿನಾಡಿನಲ್ಲಿ ಬರ್ಮಾ ತೇಗದ ಕಂಬಗಳುಳ್ಳ ದೊಡ್ಡ ಮನೆಗಳನ್ನು ಬಿಚ್ಚಿ, ಬಾಗಿಲಿಗಿಷ್ಟು ಕಂಬಕ್ಕಿಷ್ಟು ಎಂದು ಮಾರುತ್ತಿದ್ದರು. ಅಲ್ಲಿನ ಕಾರೈಕುಡಿ ಪಟ್ಟಣದ ಹಳೆ ಸಾಮಾನಿನ ಅಂಗಡಿಗಳು ತುಂಬಿದ್ದೇ ಹಾಗೆ. ಆ ದಾರಿ ಹಿಡಿಯಬೇಕಿದ್ದ ಮನೆಗಳಲ್ಲಿ ಕೆಲವನ್ನು ಕೊಂಡು, ಅಳತೆ ತೆಗೆದು, ಬಿಚ್ಚಿ ತಂದು, ಇದ್ದಂತೆಯೇ ಮತ್ತೆ ಜೋಡಿಸುವ ಕೆಲಸ ಇಲ್ಲಿ ನಡೆಯಿತು. ಇಂಥ ಕೆಲಸಕ್ಕೆ ಹಳೆಯ ಪದ್ಧತಿ ಬಲ್ಲ ಬಡಗಿಗಳೇ ಬೇಕು. ಮೊಳೆಯಿಲ್ಲದೆ ಬೆಸೆದ ಮರವನ್ನು ಎಲ್ಲಿಂದ ಬಿಡಿಸಬೇಕು ಎಂಬುದು ಅದನ್ನು ಬೆಸೆಯಬಲ್ಲವರಿಗೇ ಗೊತ್ತು.

ಈ ಬಗೆಯ ಬಯಲು ವಸ್ತುಸಂಗ್ರಹಾಲಯಗಳ ಹಿರಿಯಣ್ಣ ಇರುವುದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ. ರೈಲು, ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕಣ್ಣೆದುರೇ ಕರಗುತ್ತಿದ್ದಾಗ, ಆರ್ಟುರ್ ಹಾಸೇಲಿಯಸ್ ಎಂಬಾತ ರೈತರ ಮನೆಗಳನ್ನೇ ಎತ್ತಿ ತಂದು 1891ರಲ್ಲಿ ಸ್ಕಾನ್ಸೆನ್ ತೆರೆದ. ಮನೆ ತಂದಿಟ್ಟರೆ ಸಾಲದು, ಒಲೆಯಲ್ಲಿ ಬೆಂಕಿ ಇರಬೇಕು, ರೊಟ್ಟಿ ಬೇಯಬೇಕು, ಕೊಟ್ಟಿಗೆಯಲ್ಲಿ ದನ ಇರಬೇಕು ಎಂಬುದು ಆತನ ಹಟ. ಗಾಜಿನ ಪೆಟ್ಟಿಗೆಯೊಳಗಿನ ನೇಗಿಲಿಗಿಂತ ಹೆಚ್ಚಿನದೇನನ್ನೋ ನೋಡುಗರಿಗೆ ಕೊಟ್ಟದ್ದು ಈ ಹಟವೇ.

ದಕ್ಷಿಣಚಿತ್ರದ ಇಳಕಲ್ ಮನೆಯ ಮುಂದೆ ನಿಂತಾಗ ಆ ಮಾತು ನಿಜವೆನಿಸುತ್ತದೆ. ಆ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ದಪ್ಪ ಕಲ್ಲಿನ ಗೋಡೆ, ಸಪಾಟಾದ ಮಣ್ಣಿನ ಮಾಳಿಗೆ ಅಲ್ಲಿನ ವಾಡಿಕೆ. ಗೋಡೆಯ ದಪ್ಪಕ್ಕೆ ಬಿಸಿಲೇ ಕಾರಣ ಎಂದು ಯಾರು ಬೇಕಾದರೂ ಹೇಳಿಯಾರು. ಒಳಗಿನ ವಿನ್ಯಾಸಕ್ಕೆ ಕಾರಣ ಮಾತ್ರ ಮಗ್ಗ. ಇಳಕಲ್ಲಿನ ಕುಣಿಮಗ್ಗಕ್ಕೆ ನೆಲದಲ್ಲಿ ಕುಣಿ ತೋಡುತ್ತಾರೆ. ನೇಕಾರ ನೆಲದ ಮಟ್ಟಕ್ಕೇ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ನೆಲದ ತಂಪಿಗೆ ನೂಲು ಒಣಗಿ ತುಂಡಾಗುವುದು ಕಡಿಮೆ. ಮಗ್ಗವನ್ನು ಬೇಕೆಂದಾಗ ಜರುಗಿಸುವಂತಿಲ್ಲ. ಆದ್ದರಿಂದ ಮನೆಮಂದಿಯ ಓಡಾಟ, ಊಟ, ನಿದ್ದೆ ಎಲ್ಲ ಅದರ ಸುತ್ತ ಹೊಂದಿಕೊಳ್ಳಬೇಕು.

ಇಳಕಲ್ ಸೀರೆಯ ಸೆರಗನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಡಲಿನ ಹಾಸು (ಉದ್ದದ ಎಳೆಗಳು) ಹೆಚ್ಚಾಗಿ ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ. ಒಂದೊಂದು ಎಳೆಯನ್ನೂ ಕುಣಿಕೆಯಿಂದ ಕುಣಿಕೆಗೆ ಸೇರಿಸಿ ಎರಡು ಹಾಸುಗಳನ್ನು ಒಂದು ಮಾಡುತ್ತಾರೆ. ಟೋಪ್ ತೆನಿ ಸೆರಗು ಎನ್ನುವುದು ಇದಕ್ಕೇ. ಒಂದೇ ಹಾಸಿನಲ್ಲಿ ಹತ್ತಾರು ಸೀರೆ ನೇಯುತ್ತ ಹೋಗುವ ಅನುಕೂಲ ಇಲ್ಲಿಲ್ಲ. ಪ್ರತಿ ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ನೂಲು ಸುತ್ತುವುದು, ಹಾಸು ಹೊಂದಿಸುವುದರಲ್ಲಿ ಮನೆಯ ಹೆಂಗಸರ ದುಡಿಮೆಯೇ ಹೆಚ್ಚು. ಕೂಲಿಯ ಲೆಕ್ಕ ಬರೆಯುವಾಗ ಹೆಸರು ಬರುವುದು ಲಾಳಿ ಹಿಡಿದವನದು. ಇಂಥ ಮನೆಯಲ್ಲಿ ನಿಂತರೆ, ಆ ದುಡಿಮೆಗೆ ಎಷ್ಟು ಜಾಗ ಸಿಕ್ಕಿತ್ತು, ಎಷ್ಟು ಬೆಳಕು ಸಿಕ್ಕಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ. ಪುಸ್ತಕ ಓದಿ ತಿಳಿಯುವ ಸಂಗತಿಯಲ್ಲ ಅದು.

ಕೇರಳದ ಕೇರಿಯ ಕಡೆಗೆ ಹೋದರೆ ಕ್ರೈಸ್ತರ ಮನೆಯಲ್ಲಿ ಮೊದಲ ಮರ್ಯಾದೆ ಭತ್ತದ ಕಣಜಕ್ಕೆ. ಆಂಧ್ರದ ದುಂಡು ಗುಡಿಸಲಿನ ಹುಲ್ಲಿನ ಮಾಡು ನೆಲದ ಹತ್ತಿರದವರೆಗೂ ಇಳಿದಿದೆ. ಚಂಡಮಾರುತಕ್ಕೆ ಹಿಡಿದೆಳೆಯಲು ಮೂಲೆಯೇ ಸಿಗದ ಹಾಗೆ. ಕುಂಬಾರನ ಮನೆಯ ಬಳಿ ಮಕ್ಕಳು ಚಕ್ರದ ಮುಂದೆ ಕೂತು ಮಣ್ಣು ಮುಟ್ಟಬಹುದು. ಕರೆದುಕೊಂಡು ಬಂದ ದೊಡ್ಡವರು ದಯವಿಟ್ಟು ಅವಸರ ಮಾಡಬಾರದು.

ಇಂಥ ಸಂಗ್ರಹಾಲಯಗಳ ವಿಷಯದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ತೇಗವನ್ನು ಬಿಚ್ಚಿ ಲಾರಿಗೆ ಏರಿಸಬಹುದು, ಕಲ್ಲನ್ನೂ ಏರಿಸಬಹುದು. ಮಣ್ಣಿನ ಗೋಡೆ ಬಿಚ್ಚಿದರೆ ಮಣ್ಣೇ. ಹೀಗಾಗಿ ಉಳ್ಳವರ ಮನೆ ಉಳಿದುಕೊಳ್ಳುತ್ತದೆ, ಕೂಲಿಯವರ ಮನೆ ಒಂದೆರಡು ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ದಕ್ಷಿಣಚಿತ್ರ ಅಗ್ರಹಾರದ ಮನೆಯ ಜೊತೆಗೆ ಕುಂಬಾರನ, ಬುಟ್ಟಿ ಹೆಣೆಯುವವನ, ಬೇಸಾಯಗಾರನ ಮನೆಗಳನ್ನೂ ತನ್ನ ಕೇರಿಗಳಲ್ಲಿ ಸೇರಿಸಿಕೊಂಡಿರುವುದನ್ನು ನಾನು ಅದಕ್ಕೇ ಮನಸಾರೆ ಮೆಚ್ಚುತ್ತೇನೆ. ಆದರೆ ನಿಜವಾದ ಊರಿನಲ್ಲಿ ಈ ಮನೆಗಳು ಹೀಗೆ ಅಕ್ಕಪಕ್ಕ ಇರಲಿಲ್ಲ. ಯಾರ ಜಗಲಿಯವರೆಗೆ ಯಾರು ಬರಬಹುದಿತ್ತು, ಯಾರು ಬೀದಿಯಲ್ಲೇ ನಿಲ್ಲಬೇಕಿತ್ತು ಎಂಬುದನ್ನೂ ಈ ಮನೆಗಳು ಹೇಳಬೇಕು.

ಇದೇ ಪ್ರಶ್ನೆ ಅಮೆರಿಕದ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಎದುರೂ ಬಂದಿತ್ತು. 18ನೇ ಶತಮಾನದ ಇಡೀ ಊರನ್ನೇ ಅಲ್ಲಿ ಮರುಕಟ್ಟಿದ್ದಾರೆ. ಆ ಕಾಲದ ಉಡುಪು ತೊಟ್ಟವರು ಕಮ್ಮಾರಿಕೆ ಮಾಡುತ್ತಾರೆ, ಅಚ್ಚು ಹಾಕುತ್ತಾರೆ. ಆ ಕಾಲಕ್ಕೆ ಊರಿನ ಅರ್ಧದಷ್ಟು ಜನ ಗುಲಾಮರಾಗಿದ್ದ ಕಪ್ಪುಜನ. ಅವರ ಕತೆಯನ್ನು ಅಲ್ಲಿ ದಶಕಗಳ ಕಾಲ ಹೇಳುತ್ತಲೇ ಇರಲಿಲ್ಲ. ಕಪ್ಪುಜನರೇ ತಮ್ಮ ಹಿರಿಯರ ಬದುಕನ್ನು ನಟಿಸಿ ತೋರಿಸತೊಡಗಿದ್ದು 1979ರಿಂದ. ನಮ್ಮಲ್ಲೂ ಅಂಥ ಧೈರ್ಯ ಬರಬೇಕು. ಬರದಿದ್ದರೆ ಹಳೆಯ ಮನೆಗಳು ಮದುವೆ ಫೋಟೊಗಳ ಹಿನ್ನೆಲೆಯಾಗಿಬಿಡುತ್ತವೆ.

ಚೆನ್ನೈ ದೂರವೆನ್ನುವವರಿಗೆ ನಮ್ಮಲ್ಲೇ ಎರಡು ಜಾಗಗಳಿವೆ. ಬೆಂಗಳೂರು–ಮೈಸೂರು ರಸ್ತೆಯ ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಜಾನಪದ ಲೋಕದಲ್ಲಿ ಮನೆಗಳಿಗಿಂತ ಒನಕೆ, ಕಣಜ, ತೊಗಲುಗೊಂಬೆ, ವಾದ್ಯಗಳದೇ ದೊಡ್ಡ ಬಳಗ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕರ್ನಾಟಕದ ನಾನಾ ಕಡೆಯ ಮನೆಗಳನ್ನು ಬಿಚ್ಚಿ ತಂದು ಎಬ್ಬಿಸಿದ ಹೆರಿಟೇಜ್ ವಿಲೇಜ್ ಇದೆ. ಬ್ಯಾಂಕಿನ ನೌಕರಿಯಲ್ಲಿದ್ದ ಒಬ್ಬ ಮನುಷ್ಯ ಹಳೆಯ ಮನೆಗಳಿಗಾಗಿ ಇಷ್ಟು ಹಂಬಲಿಸಿದ್ದನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ.

ದಕ್ಷಿಣಚಿತ್ರಕ್ಕೆ ಮಂಗಳವಾರ ರಜೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಧಗೆ ಜೋರು. ಎಲ್ಲ ಮನೆಗಳನ್ನೂ ನೋಡಿ ಮುಗಿಸುವ ಆತುರ ಬೇಡ. ಎರಡು ಮೂರು ಮನೆ ಆರಿಸಿಕೊಂಡು ಜಗಲಿಯ ಮೇಲೆ ಕೂತು, ಒಲೆ ಯಾವ ದಿಕ್ಕಿಗಿದೆ, ನೀರು ಎಲ್ಲಿಂದ ಬರುತ್ತಿತ್ತು, ಬಾಣಂತಿಯ ಕೋಣೆ ಯಾವುದಾಗಿದ್ದೀತು ಎಂದು ನೋಡಿ. ಕೆಲಸ ಮಾಡುತ್ತಿರುವ ಕುಶಲಕರ್ಮಿ ಸಿಕ್ಕರೆ ಯಾವ ಊರು, ಈ ಕೆಲಸ ಯಾರಿಂದ ಕಲಿತದ್ದು ಎಂದು ಮಾತಾಡಿಸಿ, ಮಾಡಿದ್ದನ್ನು ಹೇಳಿದ ಬೆಲೆಗೇ ಕೊಳ್ಳಿ.