ಹೋಟೆಲು ಹೋಯಿತು, ಹಾಡು ಉಳಿಯಿತು



ಆನೆಗೊಂದಿಯಿಂದ ಸಣಾಪುರದ ಕಡೆಗೆ ಹೊರಟರೆ ಎಡಕ್ಕೆ, ಭತ್ತದ ಗದ್ದೆಗಳ ಆಚೆ, ತುಂಗಭದ್ರೆಯ ಕವಲುಗಳ ನಡುವೆ ವಿರುಪಾಪುರಗಡ್ಡಿ ಇದೆ. ಹೊಳೆಯ ಆಚೆ ದಡದಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ. ಹಲವು ವರ್ಷಗಳ ಕಾಲ ಈ ಗಡ್ಡಿಯ ಮೇಲೆ ಸಾಲು ಸಾಲಾಗಿ ಹೋಟೆಲುಗಳಿದ್ದವು. ಕುರ್ಚಿಯ ಬದಲು ನೆಲದ ಮೇಲೆ ಹಾಸಿಗೆ, ದಿಂಬು. ಮುಂದೆ ಮೊಣಕಾಲೆತ್ತರದ ಮೇಜು. ನಿಂಬೆ ಚಹಾ, ಇಸ್ರೇಲಿನ ತಿಂಡಿ, ಧ್ವನಿಪೆಟ್ಟಿಗೆಯಲ್ಲಿ ಹಳೆಯ ರಾಕ್ ಸಂಗೀತ. ಬಂಡೆ ಹತ್ತಲು ಬಂದ ಪರದೇಶದ ತರುಣರು ವರ್ಷ ವರ್ಷವೂ ಅದೇ ಹೋಟೆಲನ್ನು ಹುಡುಕಿಕೊಂಡು ಬರುತ್ತಿದ್ದರು. ಸಂರಕ್ಷಿತ ಪ್ರದೇಶದಲ್ಲಿದ್ದ ಅನಧಿಕೃತ ಕಟ್ಟಡಗಳನ್ನು ತೆರವು ಮಾಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದು ಕಟ್ಟಡಗಳನ್ನು ಕೆಡವಿದವು. ಅಲ್ಲಿ ದುಡಿಯುತ್ತಿದ್ದವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಈಗ ಒಂದು ಪ್ರಶ್ನೆ. ಆ ಹೋಟೆಲಿನಲ್ಲಿ ಹಿಂದೆ ಕುಳಿತಿದ್ದವನೊಬ್ಬ ಇಂದು ಎಲ್ಲೋ ದೂರದ ಊರಿನಲ್ಲಿ ಅದೇ ಹಾಡನ್ನು ಕೇಳುತ್ತಾನೆ. ಥಟ್ಟನೆ ಹಾಸಿಗೆಯ ಬಣ್ಣ, ಚಹಾದ ಹುಳಿ, ಪಕ್ಕದಲ್ಲಿದ್ದ ಗೆಳೆಯನ ನಗು ಎಲ್ಲವೂ ಎದುರಿಗೆ ಬರುತ್ತವೆ. ಕಟ್ಟಡವೇ ಇಲ್ಲದ ಮೇಲೆ ಅದು ಎಲ್ಲಿಂದ ಬಂತು? ಬಂದದ್ದೆಲ್ಲ ನಿಜವೇ?

ನಾಲಿಗೆಗಿಂತ ಮೂಗು ಮುಂದು

ಮೊದಲು ರುಚಿಯ ವಿಷಯ. ಗಂಗಾವತಿಯ ಬೀದಿಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವಾಗ ಒಮ್ಮೆ ಮೂಗು ಹಿಡಿದುಕೊಂಡು ನೋಡಿ. ಉಪ್ಪು, ಹುಳಿ, ಖಾರ ತಿಳಿಯುತ್ತವೆ. ಆದರೆ ಮಿರ್ಚಿಯ ಮಿರ್ಚಿತನ ಹೋಗಿಬಿಡುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಅಗಿಯುವಾಗ ಆಹಾರದ ಆವಿ ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುತ್ತದೆ.

ಕಣ್ಣು, ಕಿವಿ, ಚರ್ಮಗಳ ಸುದ್ದಿ ಮಿದುಳಿನ ಹೊರಪದರವನ್ನು ಸೇರುವ ಮುನ್ನ ಥಲಾಮಸ್ ಎಂಬ ಠಾಣೆಯಲ್ಲಿ ಇಳಿದು ಹೋಗಬೇಕು. ವಾಸನೆಗೆ ಆ ಕಟ್ಟುಪಾಡು ಇಲ್ಲ. ಅದು ಭಾವನೆಗೆ ಸಂಬಂಧಿಸಿದ ಅಮಿಗ್ಡಲಾವನ್ನು ನೇರವಾಗಿ ಮುಟ್ಟುತ್ತದೆ. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ಗೂ ಅದರ ದಾರಿ ಹತ್ತಿರದ್ದು. ಹೋಟೆಲಿನ ಬಾಗಿಲಲ್ಲಿ ನಿಂತು ಒಗ್ಗರಣೆಯ ವಾಸನೆ ಹೀರಿದೊಡನೆ ಹಳೆಯ ದಿನಗಳು ನುಗ್ಗಿ ಬರಲು ಇದೊಂದು ಕಾರಣ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಹಾಡಿನ ಬಗೆ ಬೇರೆ. ಅದರಲ್ಲಿ ಲಯವಿದೆ, ಕ್ರಮವಿದೆ. ಒಂದು ಸಾಲು ಮುಂದಿನ ಸಾಲಿನ ಕೈ ಹಿಡಿದು ಎಳೆಯುತ್ತದೆ. ಜೊತೆಗೆ ವಯಸ್ಸಿನ ಮಾತೂ ಇದೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಸುಮಾರು 10ರಿಂದ 30ರ ನಡುವಿನ ವಯಸ್ಸಿನವೇ ಹೆಚ್ಚಾಗಿ ಬರುತ್ತವೆ. ಮೊದಲ ಪ್ರಯಾಣ, ಮೊದಲ ಸಂಬಳ, ಮೊದಲ ಸ್ನೇಹ ಎಲ್ಲವೂ ಆ ಕಾಲದವು. ನೀವು ಈಗ ಅದೇ ವಯಸ್ಸಿನಲ್ಲಿದ್ದೀರಿ. ಇಂದು ನೀವು ಗುನುಗುತ್ತಿರುವ ಹಾಡು ನಿಮ್ಮ ಜೊತೆ ಬಹಳ ದೂರ ಬರಲಿದೆ.

ನೀರಿನೊಳಗಿನ ಪಾಠ

ಜಾಗಕ್ಕೂ ನೆನಪಿಗೂ ನಂಟಿದೆಯೇ? 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಪದಗಳ ಪಟ್ಟಿ ಕಲಿಸಿದರು, ಕೆಲವು ದಡದ ಮೇಲೆ, ಕೆಲವು ನೀರಿನೊಳಗೆ. ನೀರಿನಲ್ಲಿ ಕಲಿತದ್ದು ನೀರಿನಲ್ಲೇ, ದಡದಲ್ಲಿ ಕಲಿತದ್ದು ದಡದಲ್ಲೇ ಹೆಚ್ಚು ನೆನಪಾಯಿತು. ಪಠ್ಯಪುಸ್ತಕಗಳಲ್ಲಿ ಈ ಪ್ರಯೋಗ ಬಹಳ ಪ್ರಸಿದ್ಧ. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಅದೇ ಫಲ ದೊರೆಯಲಿಲ್ಲ. ಬೇರೆ ಬೇರೆ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಜಾಗದ ಪ್ರಭಾವ ಇದೆ, ಆದರೆ ಮಿತವಾಗಿ ಇದೆ ಎನ್ನಬಹುದು. ಆದ್ದರಿಂದ ಪರೀಕ್ಷೆಗೆ ಓದಿದ ಕೋಣೆಯನ್ನೇ ನೆಚ್ಚಿಕೊಳ್ಳಬೇಡಿ!

ಗಡ್ಡಿಯ ಹೋಟೆಲಿನಂತಹ ಜಾಗ ಮರೆಯಾದಾಗ ಏನಾಗುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ನೆನಪು ಪೂರ್ತಿ ಅಳಿಯುವುದಿಲ್ಲ. ಅದನ್ನು ಎಳೆದು ತರುವ ಹಲವು ದಾರಗಳಲ್ಲಿ ಒಂದು ಕಡಿದುಹೋಗುತ್ತದೆ. ಹಾಡು, ರುಚಿ, ಗೆಳೆಯನ ಮಾತು ಎಂಬ ಉಳಿದ ದಾರಗಳು ಇನ್ನೂ ಇರುತ್ತವೆ.

ಡೈರಿ ಹೇಳಿದ ಸತ್ಯ

ಇನ್ನು ಎರಡನೆಯ ಪ್ರಶ್ನೆ: ಬಂದ ನೆನಪು ನಿಜವೇ? ಇಲ್ಲಿ ನನ್ನದೇ ಉದಾಹರಣೆ ಕೊಡಬೇಕು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ವಾದ್ಯವೃಂದದ ಕಾರ್ಯಕ್ರಮ ನಡೆಯಿತು. ಗಂಗಾವತಿಯ ಗೆಳೆಯನೊಬ್ಬ ಅದಕ್ಕಾಗಿಯೇ ಬಂದಿದ್ದ. ಮರುದಿನ ಬೆಳಿಗ್ಗೆ ಇಬ್ಬರೂ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆದೋಸೆ ತಿಂದೆವು, ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು ಎಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳಿದ್ದೇನೆ. 1943ರಲ್ಲಿ ಆರಂಭವಾದ ಆ ಹೋಟೆಲಿಗೆ ಹೋದಾಗಲೆಲ್ಲ ಆ ಬೆಳಿಗ್ಗೆ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಮೊನ್ನೆ ಈ ವಿಷಯಕ್ಕೆ ಸಿದ್ಧತೆ ಮಾಡುವಾಗ ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರದಲ್ಲಿ ಹೀಗಿತ್ತು: ಕಾರ್ಯಕ್ರಮ ಮುಗಿದೊಡನೆ ಗೆಳೆಯ ಮೆಜೆಸ್ಟಿಕ್‌ಗೆ ಓಡಿ ರಾತ್ರಿಯ ಬಸ್ಸು ಹಿಡಿದ, ಮರುದಿನ ನಾನೊಬ್ಬನೇ ರೂಮಿನಲ್ಲಿ ಉಪ್ಪಿಟ್ಟು ಮಾಡಿಕೊಂಡೆ. ದೋಸೆ ತಿಂದದ್ದು ನಿಜ, ಆದರೆ ಅದು ಬೇರೆ ಸಲದ್ದು. ಫೋನಿನಲ್ಲಿ ಹೇಳಿದಾಗ ಗೆಳೆಯ ನಕ್ಕ: "ನಾನೂ ಮಂದಿಗೆ ದೋಸೆ ಕಥೀನ ಹೇಳ್ಕೋತ ಬಂದೀನಲ್ಲೋ!" ನಾನು ಹೇಳಿ ಹೇಳಿ ಅದು ಅವನ ನೆನಪೂ ಆಗಿಬಿಟ್ಟಿತ್ತು.

ಇದು ನಮ್ಮಿಬ್ಬರ ದೌರ್ಬಲ್ಯವಷ್ಟೇ ಅಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಸ್ಫೋಟಗೊಂಡಿತು. ಮನಶ್ಶಾಸ್ತ್ರಜ್ಞರಾದ ನೈಸರ್ ಮತ್ತು ಹಾರ್ಶ್ ಮರುದಿನ ಬೆಳಿಗ್ಗೆಯೇ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ಬಳಿಕ ಅವರಲ್ಲಿ 44 ಮಂದಿಯನ್ನು ಅದನ್ನೇ ಕೇಳಿದರು. ನಾಲ್ಕನೆಯ ಒಂದು ಭಾಗದವರ ಉತ್ತರ ಮೊದಲಿನದಕ್ಕೆ ಯಾವ ಮುಖ್ಯ ಅಂಶದಲ್ಲೂ ತಾಳೆಯಾಗಲಿಲ್ಲ. ಆದರೂ ಹಲವರಿಗೆ ತಮ್ಮ ನೆನಪಿನ ಮೇಲೆ ಪೂರ್ಣ ಭರವಸೆಯಿತ್ತು.

ಏಕೆ ಹೀಗೆ? ನೆನಪು ಪೆಟ್ಟಿಗೆಯಲ್ಲಿಟ್ಟ ಛಾಯಾಚಿತ್ರವಲ್ಲ. ನೆನೆದಾಗಲೆಲ್ಲ ಮಿದುಳು ಅದನ್ನು ಚೂರುಗಳಿಂದ ಮತ್ತೆ ಕಟ್ಟುತ್ತದೆ. ಖಾಲಿ ಇದ್ದಲ್ಲಿ ಹೊಂದುವ ಚೂರನ್ನು ತುಂಬುತ್ತದೆ. 2000ದಲ್ಲಿ ಕರೀಂ ನಾದೆರ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಟ್ಟಿಯಾಗಿದ್ದ ಭಯದ ನೆನಪನ್ನು ಕೆರಳಿಸಿ, ಆ ಕೂಡಲೇ ಅಮಿಗ್ಡಲಾದಲ್ಲಿ ಪ್ರೋಟೀನು ತಯಾರಿಕೆಯನ್ನು ತಡೆದರೆ ಆ ನೆನಪೇ ಕುಂದಿತು. ನೆನೆದ ನೆನಪು ಸ್ವಲ್ಪ ಹೊತ್ತು ಹಸಿಯಾಗುತ್ತದೆ, ಮತ್ತೆ ಒಣಗಬೇಕಾಗುತ್ತದೆ. ಹಸಿ ಗೋಡೆಗೆ ಯಾರ ಕೈ ತಾಕಿದರೂ ಗುರುತು ಬೀಳುತ್ತದಲ್ಲವೇ?

ನಿಮ್ಮ ಊರಿನ ಪ್ರಯೋಗ

ಆನೆಗೊಂದಿಯ ಹಿರಿಯರ ಬಳಿ ಇಂತಹ ನೆನಪುಗಳು ಬೇಕಾದಷ್ಟಿವೆ. 2009ರ ಜನವರಿ 22ರಂದು, ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ಸತ್ತ ದಿನ ಅವುಗಳಲ್ಲಿ ಒಂದು. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ದಿನಗಳು, ಗಡ್ಡಿಯ ಹೋಟೆಲುಗಳ ದಿನಗಳು ಇನ್ನೂ ಕೆಲವು.

ಅಜ್ಜ, ಅತ್ತೆ, ಕಾಕಾ, ಅಂಗಡಿಯವರು ಹೀಗೆ ಐವರನ್ನು ಆರಿಸಿಕೊಂಡು ಒಂದೇ ಘಟನೆಯ ಬಗ್ಗೆ ಕೇಳಿ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಬೇರೆ ಬೇರೆ ಕೇಳಿ. ಹೇಳಿದ್ದನ್ನು ಅಲ್ಲೇ ಬರೆದು ತಾರೀಕು ಹಾಕಿ. ಬಳಿಕ ಹಳೆಯ ಪತ್ರಿಕೆಯೊಡನೆ, ಛಾಯಾಚಿತ್ರದೊಡನೆ ಹೋಲಿಸಿ. ಎಲ್ಲರೂ ಹೇಳಿದ್ದು ಯಾವುದು, ಒಬ್ಬರೇ ಹೇಳಿದ್ದು ಯಾವುದು ಎಂದು ಪಟ್ಟಿ ಮಾಡಿ. ಯಾರನ್ನೂ ಸುಳ್ಳುಗಾರರೆನ್ನಬೇಡಿ, ಅವರ ಮಿದುಳು ತನ್ನ ಕೆಲಸ ಮಾಡಿದೆ, ಅಷ್ಟೆ.

ಹಾಗೆಯೇ ನಿಮ್ಮ ಮೆಚ್ಚಿನ ಹೋಟೆಲಿನ ಬಗ್ಗೆ, ಕೇಳಿದ ಕಛೇರಿಯ ಬಗ್ಗೆ ಅದೇ ರಾತ್ರಿ ನಾಲ್ಕು ಸಾಲು ಬರೆದಿಡಿ. ಹಾಡು ನೆನಪನ್ನು ಎಬ್ಬಿಸಬಲ್ಲದು, ಅದರ ತಪ್ಪನ್ನು ತಿದ್ದಲಾರದು. ತಿದ್ದಲು ಬರವಣಿಗೆ ಬೇಕು. ಗಡ್ಡಿಯ ಹೋಟೆಲುಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಮರೆಯುವ ಮುನ್ನ, ಅದಕ್ಕಿಂತ ಮುಖ್ಯವಾಗಿ ನನ್ನ ದೋಸೆಯ ಕಥೆಯಂತೆ ಅವರೆಲ್ಲರ ನೆನಪು ಒಂದೇ ಕಥೆಯಾಗುವ ಮುನ್ನ, ಹೋಗಿ ಕೇಳಿ.