ಪ್ಲೇಮೋಂ ಸಹಕಾರಿ ವೈನ್ ಸಂಸ್ಥೆ

ಪ್ಲೇಮೋಂ ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿರುವ ಗ್ಯಾಸ್ಕನಿ ಪ್ರದೇಶದ ದ್ರಾಕ್ಷಿ ಬೆಳೆಗಾರರ ಸಹಕಾರಿ ಒಕ್ಕೂಟವಾಗಿದೆ. ಇದು 1979ರಲ್ಲಿ ಸ್ಥಾಪನೆಯಾಯಿತು. ಪ್ಲೇಸಾನ್ಸ್, ಎನ್ಯಾನ್ ಮತ್ತು ಸೇಂ-ಮೋಂ ಎಂಬ ಮೂರು ಊರುಗಳ ಸಹಕಾರ ಸಂಘಗಳು ಒಂದುಗೂಡಿ ಈ ಒಕ್ಕೂಟವನ್ನು ರಚಿಸಿದವು. ಆ ಊರುಗಳ ಹೆಸರುಗಳ ಫ್ರೆಂಚ್ ಅಕ್ಷರಗಳನ್ನು ಕೂಡಿಸಿ ಒಕ್ಕೂಟಕ್ಕೆ ಹೆಸರಿಡಲಾಗಿದೆ. ವೈನ್ ತಯಾರಿಕೆಯ ಜೊತೆಗೆ, ಅಳಿವಿನ ಅಂಚಿನಲ್ಲಿದ್ದ ಸ್ಥಳೀಯ ದ್ರಾಕ್ಷಿ ತಳಿಗಳ ಸಂರಕ್ಷಣೆಗಾಗಿ ಈ ಸಂಸ್ಥೆಯು ಪ್ರಸಿದ್ಧವಾಗಿದೆ.

ಹಿನ್ನೆಲೆ

ಫ್ರಾನ್ಸಿನ ಮೊದಲ ವೈನ್ ಸಹಕಾರ ಸಂಘಗಳಲ್ಲಿ ಒಂದು 1901ರಲ್ಲಿ ಆ ದೇಶದ ದಕ್ಷಿಣ ಭಾಗದ ಮರೋಸಾಂ ಎಂಬ ಹಳ್ಳಿಯಲ್ಲಿ ಆರಂಭವಾಯಿತು. ದ್ರಾಕ್ಷಿಯನ್ನು ಹಿಂಡುವ ಯಂತ್ರ, ತೊಟ್ಟಿ ಮತ್ತು ಉಗ್ರಾಣಗಳನ್ನು ಸ್ವಂತವಾಗಿ ಹೊಂದಲು ಸಾಧ್ಯವಿಲ್ಲದ ಸಣ್ಣ ಹಿಡುವಳಿದಾರರಿಗೆ ಈ ಪದ್ಧತಿ ಆಸರೆಯಾಯಿತು. ಬೆಳೆಗಾರರು ತಮ್ಮ ಫಸಲನ್ನು ಸಂಘಕ್ಕೆ ಒಪ್ಪಿಸುತ್ತಾರೆ. ವೈನ್ ತಯಾರಿಕೆ ಮತ್ತು ಮಾರಾಟವನ್ನು ಸಂಘವೇ ನಿರ್ವಹಿಸುತ್ತದೆ.

ಗ್ಯಾಸ್ಕನಿಯ ಬೆಳೆಗಾರರು ದೀರ್ಘಕಾಲ ಆರ್ಮನ್ಯಾಕ್ ಎಂಬ ಬ್ರಾಂದಿಯ ತಯಾರಿಕೆಗಾಗಿ ದ್ರಾಕ್ಷಿಯನ್ನು ಬೆಳೆಯುತ್ತಿದ್ದರು. 1970ರ ದಶಕದಲ್ಲಿ ಅದರ ಬೇಡಿಕೆ ಕುಸಿದು, ಅವರ ಜೀವನೋಪಾಯವೇ ಸಂಕಷ್ಟಕ್ಕೆ ಸಿಲುಕಿತು. ಆಂದ್ರೆ ದ್ಯುಬೊಸ್ಕ್ ಅವರ ಮುಂದಾಳತ್ವದಲ್ಲಿ ಬೆಳೆಗಾರರು ಬ್ರಾಂದಿಯನ್ನೇ ನೆಚ್ಚಿಕೊಳ್ಳದೆ, ಗುಣಮಟ್ಟದ ವೈನ್ ತಯಾರಿಕೆಯತ್ತ ತಿರುಗಿದರು. ಸೇಂ-ಮೋಂ ಪ್ರದೇಶದ ವೈನ್‌ಗೆ 1981ರಲ್ಲಿ ಉನ್ನತ ದರ್ಜೆಯ ಮಾನ್ಯತೆಯೂ 2011ರಲ್ಲಿ ಫ್ರಾನ್ಸಿನ ಅತ್ಯುನ್ನತ ಮೂಲಸ್ಥಾನ ಮಾನ್ಯತೆಯೂ ದೊರೆತವು.

ತಳಿಗಳ ನಾಶ

19ನೇ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟವು ಬೇರುಗಳನ್ನು ಹಾನಿಗೊಳಿಸಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿತು. ಈ ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಗಳ ಬೇರಿನ ಮೇಲೆ ಯುರೋಪಿನ ತಳಿಗಳನ್ನು ಕಸಿ ಕಟ್ಟುವ ಮೂಲಕ ಪರಿಹಾರ ಕಂಡುಕೊಳ್ಳಲಾಯಿತು. ಆದರೆ ಮರುನಾಟಿಯ ವೇಳೆ ಹೆಚ್ಚು ಇಳುವರಿ ನೀಡುವ ಕೆಲವೇ ತಳಿಗಳನ್ನು ಆರಿಸಿಕೊಂಡದ್ದರಿಂದ ಹಲವಾರು ಸ್ಥಳೀಯ ತಳಿಗಳು ಕಣ್ಮರೆಯಾದವು.

ಸಾರಾಗಾಶಿಯ ತೋಟ

ಸೇಂ-ಮೋಂ ಸಮೀಪದ ಸಾರಾಗಾಶಿ ಎಂಬ ಹಳ್ಳಿಯಲ್ಲಿ 19ನೇ ಶತಮಾನದಲ್ಲಿ ನೆಟ್ಟ ಒಂದು ಪುಟ್ಟ ತೋಟವು ಈ ಪಿಡುಗಿನಿಂದ ಪಾರಾಗಿ ಉಳಿದಿದೆ. ಅಲ್ಲಿನ ಮಣ್ಣು ಮರಳಿನಿಂದ ಕೂಡಿರುವುದರಿಂದ ಕೀಟವು ಬೇರುಗಳ ನಡುವೆ ಹರಡಲು ಸಾಧ್ಯವಾಗಲಿಲ್ಲ. ಕಸಿ ಮಾಡದ, ಸ್ವಂತ ಬೇರಿನ ಮೇಲೆಯೇ ನಿಂತಿರುವ ಈ ಬಳ್ಳಿಗಳಲ್ಲಿ ಸುಮಾರು 20 ತಳಿಗಳಿವೆ. ಅವುಗಳಲ್ಲಿ ಕೆಲವು ತಜ್ಞರಿಗೂ ಅಪರಿಚಿತವಾಗಿದ್ದವು. ಎರಡೂ ದಿಕ್ಕುಗಳಲ್ಲಿ ಉಳುಮೆ ಮಾಡಲು ಅನುಕೂಲವಾಗುವಂತೆ ಬಳ್ಳಿಗಳನ್ನು ಚೌಕಾಕಾರದಲ್ಲಿ ನೆಡಲಾಗಿದೆ. ಒಂದೇ ರೈತ ಕುಟುಂಬವು ಹಲವು ತಲೆಮಾರುಗಳಿಂದ ಇದನ್ನು ಕಾಪಾಡಿಕೊಂಡು ಬಂದಿದೆ. 2012ರಲ್ಲಿ ಫ್ರಾನ್ಸ್ ಸರ್ಕಾರವು ಈ ತೋಟವನ್ನು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ಕಟ್ಟಡಗಳಿಗೆ ಸಲ್ಲುವ ಈ ಗೌರವವು ಜೀವಂತ ಸಸ್ಯಗಳಿಗೆ ದೊರೆತದ್ದು ವಿಶೇಷವಾಗಿದೆ.

ತಳಿ ಸಂರಕ್ಷಣೆ ಮತ್ತು ಹವಾಮಾನ ಬದಲಾವಣೆ

ಹಳೆಯ ತೋಟಗಳಿಂದ ಸಂಗ್ರಹಿಸಿದ 30ಕ್ಕೂ ಹೆಚ್ಚು ತಳಿಗಳನ್ನು ಪ್ಲೇಮೋಂ ಸಂಸ್ಥೆಯು ಸೇಂ-ಮೋಂನಲ್ಲಿರುವ ತನ್ನ ಸಂರಕ್ಷಣಾ ತೋಟದಲ್ಲಿ ಬೆಳೆಸುತ್ತಿದೆ. ಈ ಕಾರ್ಯಕ್ಕೆ ಪ್ರಾಯೋಗಿಕ ಮಹತ್ವವೂ ಇದೆ. ತಾಪಮಾನ ಏರಿದಂತೆ ದ್ರಾಕ್ಷಿಯು ಬೇಗನೆ ಮಾಗುತ್ತದೆ. ಹಣ್ಣಿನಲ್ಲಿ ಸಕ್ಕರೆಯ ಅಂಶ ಹೆಚ್ಚಿ ಹುಳಿ ಕಡಿಮೆಯಾಗುತ್ತದೆ. ಹುದುಗುವಿಕೆಯಲ್ಲಿ ಸಕ್ಕರೆಯು ಮದ್ಯಸಾರವಾಗಿ ಮಾರ್ಪಡುವುದರಿಂದ ವೈನ್‌ನ ಸಮತೋಲನ ಕೆಡುತ್ತದೆ. ಈ ಪ್ರದೇಶದ ಮುಖ್ಯ ಕೆಂಪು ತಳಿಯಾದ ತನಾ ಈ ತೊಂದರೆಗೆ ಒಳಗಾಗಿದೆ. ಮರುಶೋಧಿತ ತಳಿಗಳ ಪೈಕಿ ಮಾನ್ಸಂಗ್ ನ್ವಾರ್ ಕಡಿಮೆ ಮದ್ಯಸಾರದ ವೈನ್ ನೀಡುತ್ತದೆ. ತಾರ್ದಿಫ್ ತಳಿಯು ಹೆಸರೇ ಸೂಚಿಸುವಂತೆ ತಡವಾಗಿ ಮಾಗುತ್ತದೆ ಮತ್ತು ಅದರ ವೈನ್‌ಗೆ ಕಾಳುಮೆಣಸಿನಂತಹ ಪರಿಮಳವಿರುತ್ತದೆ.

ಸಹಕಾರ ಪದ್ಧತಿಯ ಪಾತ್ರ

ಒಂದು ಹಳೆಯ ತಳಿಯನ್ನು ಮತ್ತೆ ಬಳಕೆಗೆ ತರಲು ಹಲವು ವರ್ಷಗಳು ಬೇಕಾಗುತ್ತವೆ. ತಳಿಯನ್ನು ಗುರುತಿಸಿ, ರೋಗಮುಕ್ತ ಸಸಿಗಳನ್ನು ಬೆಳೆಸಿ, ಅಲ್ಪ ಪ್ರಮಾಣದಲ್ಲಿ ವೈನ್ ತಯಾರಿಸಿ ಪರೀಕ್ಷಿಸಬೇಕು. ವಾಣಿಜ್ಯ ಬೇಸಾಯಕ್ಕೆ ಮುನ್ನ ಅದು ಅಧಿಕೃತ ತಳಿಪಟ್ಟಿಗೂ ಸೇರಬೇಕು. ಫಲಿತಾಂಶ ಖಚಿತವಿಲ್ಲದ ಈ ವೆಚ್ಚವನ್ನು ಒಬ್ಬ ಸಣ್ಣ ಬೆಳೆಗಾರ ಭರಿಸುವುದು ಕಷ್ಟ. ನೂರಾರು ಸದಸ್ಯರಿರುವ ಒಕ್ಕೂಟದಲ್ಲಿ ವೆಚ್ಚವೂ ನಷ್ಟದ ಭಯವೂ ಹಂಚಿಹೋಗುತ್ತವೆ. ದೊರೆತ ಜ್ಞಾನವು ಎಲ್ಲ ಸದಸ್ಯರಿಗೂ ಲಭ್ಯವಾಗುತ್ತದೆ.

ಸವಾಲುಗಳು

ಅಟ್ಲಾಂಟಿಕ್ ಸಾಗರದ ಪ್ರಭಾವದಿಂದ ಗ್ಯಾಸ್ಕನಿಯಲ್ಲಿ ತೇವಾಂಶ ಹೆಚ್ಚು. ಇದರಿಂದ ಬೂಜು ತುಪ್ಪಟ ರೋಗ ಸುಲಭವಾಗಿ ಹರಡುತ್ತದೆ. ಆದ್ದರಿಂದ ಔಷಧ ಸಿಂಪಡಣೆಯನ್ನು ತಗ್ಗಿಸುವುದು ಇಲ್ಲಿ ಒಣ ಪ್ರದೇಶಗಳಿಗಿಂತ ಕಠಿಣವಾಗಿದೆ. ಹಳೆಯ ತಳಿಗಳೆಲ್ಲವೂ ರೋಗ ನಿರೋಧಕವಲ್ಲ; ಗ್ರಾಹಕರಿಗೆ ಅವುಗಳ ಹೆಸರುಗಳೂ ಅಪರಿಚಿತ. ಹೀಗಾಗಿ ತಳಿಯನ್ನು ಉಳಿಸುವುದರ ಜೊತೆಗೆ ಅದರ ವೈನ್‌ಗೆ ಮಾರುಕಟ್ಟೆಯನ್ನು ಕಲ್ಪಿಸುವುದೂ ಸಹಕಾರ ಸಂಘದ ಹೊಣೆಯಾಗುತ್ತದೆ.