ಗಾಲಿಮನೆಯ ಬಾಗಿಲಲ್ಲಿ ನಾಯಿಮರಿ

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಬ್ರಿಟನ್ನಿನಲ್ಲಿ ಹೆಸರಾದದ್ದು ‘ವಾಂಡರರ್’. ನೌಕಾಪಡೆಯ ನಿವೃತ್ತ ವೈದ್ಯ, ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆಯುತ್ತಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅದನ್ನು ಬ್ರಿಸ್ಟಲ್ ನಗರದಲ್ಲಿ ಮಾಡಿಸಿಕೊಂಡರು. 1885ರಲ್ಲಿ ಎರಡು ಕುದುರೆ ಹೂಡಿ ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಅವರ ಜೊತೆಯಲ್ಲಿ ‘ಹರಿಕೇನ್ ಬಾಬ್’ ಎಂಬ ನ್ಯೂಫೌಂಡ್‌ಲ್ಯಾಂಡ್ ತಳಿಯ ನಾಯಿಯೂ ಇತ್ತು. ಕ್ಯಾರವಾನ್ ವಿಹಾರದ ಚರಿತ್ರೆಯಲ್ಲಿ ನಾಯಿ ಮೊದಲ ದಿನದಿಂದಲೂ ಪ್ರಯಾಣಿಕನೇ.

ಇಂದು ಕುದುರೆಯ ಜಾಗದಲ್ಲಿ ಕಾರು ಇದೆ. ಅದರ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಮನೆಯಲ್ಲಿ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುತ್ತವೆ. ಆದರೆ ಜೊತೆಗೆ ಬರುವ ನಾಯಿ ಅನೇಕ ಸಲ ಇನ್ನೂ ಎಳೆಯ ಮರಿ. ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದ ಮಾರಾಟಗಾರರು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಜೂನ್‌ನಲ್ಲಿ ಮನೆಗೆ ಬಂದ ಮರಿ, ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವ ಜುಲೈ ಕೊನೆಗೆ ಹನ್ನೆರಡು–ಹದಿನಾಲ್ಕು ವಾರದ್ದಾಗಿರುತ್ತದೆ. ಜೀವಶಾಸ್ತ್ರದ ಕಣ್ಣಿನಿಂದ ನೋಡಿದರೆ ನಾಯಿಯ ಬದುಕಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಯಸ್ಸು ಕಡಿಮೆಯೇ.

ಈ ಮಾತಿಗೆ ಆಧಾರ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಸಿಕ್ಕಿತು. ಅಲ್ಲಿನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಇಬ್ಬರು ಸಂಗಾತಿಗಳು ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಸಹವಾಸವಿಲ್ಲದೆ ಬೆಳೆಸಿದರು. ಕೆಲವು ಮರಿಗಳನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಹೊರತಂದು, ಒಂದು ವಾರ ಜನರೊಡನೆ ಆಡಲು ಬಿಟ್ಟು ಮರಳಿ ಕಳುಹಿಸಿದರು. ಹದಿನಾಲ್ಕು ವಾರದವರೆಗೆ ಯಾರೂ ಮುಟ್ಟದ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಂದ ಓಡತೊಡಗಿದವು. ಆಮೇಲೆ ಎಷ್ಟು ಪ್ರೀತಿ ತೋರಿದರೂ ಅವು ಪೂರ್ತಿ ಹೊಂದಿಕೊಳ್ಳಲಿಲ್ಲ. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಓದಲು ಕಷ್ಟವಾಗುತ್ತದೆ, ಆ ಮರಿಗಳನ್ನು ನೆನೆದು. ಆದರೆ ಅದು ತೋರಿಸಿಕೊಟ್ಟದ್ದು ದೊಡ್ಡ ಸತ್ಯ: ಸುಮಾರು ಮೂರನೆಯ ವಾರದಿಂದ ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ ಮರಿ ಕಂಡದ್ದನ್ನು ಸಹಜವೆಂದು ಒಪ್ಪಿಕೊಳ್ಳುತ್ತದೆ. ಆ ಬಳಿಕ ಹೊಸತು ಎದುರಾದರೆ ಮೊದಲು ಏಳುವುದು ಅನುಮಾನ. ಈ ತಿರುವು ಎಲ್ಲ ತಳಿಗಳಲ್ಲಿ ಒಂದೇ ದಿನ ಬರುವುದಿಲ್ಲ. ಜರ್ಮನ್ ಶೆಪರ್ಡ್ ಮರಿಗಳಲ್ಲಿ ಅಂಜಿಕೆ ಬೇಗ ಕಾಣಿಸಿಕೊಂಡರೆ, ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಮರಿಗಳಲ್ಲಿ ತಡವಾಗಿ.

ಹಾಗಿದ್ದರೆ ಮರಿಯನ್ನು ಎಲ್ಲ ಕಡೆ ಓಡಾಡಿಸಿಬಿಡಬಹುದಲ್ಲ? ಅಡ್ಡ ಬರುವುದು ರೋಗ. ಮರಿಗೆ ಮೊದಲ ರಕ್ಷಣೆ ಸಿಗುವುದು ತಾಯಿಯ ಗಿಣ್ಣುಹಾಲಿನ ಪ್ರತಿಕಾಯಗಳಿಂದ. ಅವು ಹತ್ತು ದಿನಕ್ಕೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತವೆ. ಇಳಿಯುವ ಹಾದಿಯಲ್ಲಿ ಒಂದು ಅಪಾಯದ ಘಟ್ಟವಿದೆ. ಉಳಿದ ಪ್ರತಿಕಾಯಗಳು ನಿಜವಾದ ವೈರಸ್ಸನ್ನು ತಡೆಯಲಾರವು, ಆದರೆ ಲಸಿಕೆಯನ್ನು ನಿಷ್ಫಲಗೊಳಿಸುವಷ್ಟು ಇರುತ್ತವೆ. ಆ ಘಟ್ಟ ಯಾವ ಮರಿಗೆ ಯಾವ ವಾರ ಬರುತ್ತದೆಂದು ಹೊರಗಿನಿಂದ ನೋಡಿ ಹೇಳಲಾಗದು. ಲಸಿಕೆಯನ್ನು ಹಲವು ಕಂತುಗಳಲ್ಲಿ ಕೊಡುವುದೂ, ಕೊನೆಯ ಕಂತು ಹದಿನಾರು ವಾರಕ್ಕೆ ಅಥವಾ ಅದರ ನಂತರ ಇರಲಿ ಎಂದು ಸಾಕುಪ್ರಾಣಿ ವೈದ್ಯರ ವಿಶ್ವ ಸಂಘ ಹೇಳುವುದೂ ಇದಕ್ಕಾಗಿಯೇ. 1978ರ ಸುಮಾರಿಗೆ ಕಾಣಿಸಿಕೊಂಡು ಎರಡೇ ವರ್ಷಗಳಲ್ಲಿ ಜಗತ್ತಿನ ತುಂಬ ಹಬ್ಬಿದ ಪಾರ್ವೊ ವೈರಸ್ ಇಂದಿಗೂ ಮರಿಗಳನ್ನು ಕೊಲ್ಲುತ್ತಿದೆ. ಅದಕ್ಕೆ ಕೊಬ್ಬಿನ ಹೊರಪೊರೆಯಿಲ್ಲ. ಹಾಗಾಗಿ ಸಾಬೂನಿಗೆ ಬಗ್ಗುವುದಿಲ್ಲ, ಸೋಂಕಿತ ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹತ್ತಾರು ಊರಿನ ನಾಯಿಗಳು ಬಂದುಹೋಗುವ ಕ್ಯಾರವಾನ್ ತಂಗುದಾಣದ ಹುಲ್ಲಿನ ಬಗ್ಗೆ ಎಚ್ಚರ ಬೇಕಾದದ್ದು ಇಲ್ಲಿ.

ಮನಸ್ಸು ತೆರೆದಿರುವ ಕಾಲ ಮುಗಿದ ಮೇಲೆ ದೇಹದ ರಕ್ಷಣೆ ಪೂರ್ತಿಯಾಗುತ್ತದೆ ಎಂಬುದೇ ತೊಡಕು. ಎರಡಕ್ಕೂ ಒಟ್ಟಿಗೆ ಒದಗಬಲ್ಲ ಜಾಗ ಕ್ಯಾರವಾನ್ ಎಂಬುದು ನನ್ನ ಗಟ್ಟಿ ನಂಬಿಕೆ. ಹೋಟೆಲಿನಲ್ಲಿ ಈ ಅನುಕೂಲವಿಲ್ಲ. ಗಾಲಿಮನೆಯ ನೆಲ ನಮ್ಮದು, ಹಾಸಿದ ಕಂಬಳಿ ಮನೆಯ ವಾಸನೆಯದು. ಅರ್ಧ ತೆರೆದ ಬಾಗಿಲಲ್ಲಿ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಸೈಕಲ್ ಹೊಡೆಯುವ ಮಕ್ಕಳು, ಊರುಗೋಲು ಹಿಡಿದ ಅಜ್ಜ, ಗಾಳಿಗೆ ಪಟಪಟಿಸುವ ಡೇರೆ, ದೂರದ ಕುರಿಗಳು ಎಲ್ಲವೂ ಅದರ ಕಣ್ಣಿಗೆ, ಕಿವಿಗೆ, ಮೂಗಿಗೆ ಬರುತ್ತವೆ. ಪಾದ ಮಾತ್ರ ಪರರ ನೆಲಕ್ಕೆ ತಾಗುವುದಿಲ್ಲ. ಬೇಡವೆನಿಸಿದರೆ ಹಿಂದೆ ಸರಿಯಲು ಒಂದು ಮೂಲೆಯೂ ಇದೆ.

ಹಿಂದೆ ಸರಿಯುವ ಈ ಅವಕಾಶ ಸಣ್ಣದಲ್ಲ. ಹೆದರಿಕೆ ಹುಟ್ಟಿಸದಷ್ಟು ದೂರದಿಂದ ಮತ್ತೆ ಮತ್ತೆ ಕಂಡದ್ದಕ್ಕೆ ನರಮಂಡಲ ಒಗ್ಗಿಕೊಳ್ಳುತ್ತದೆ. ಹೆದರಿದ ಸ್ಥಿತಿಯಲ್ಲಿ ಮತ್ತೆ ಮತ್ತೆ ಕಂಡದ್ದಕ್ಕೆ ಪ್ರತಿ ಸಲವೂ ಹೆಚ್ಚು ಬೆದರುತ್ತದೆ. ಅದೇ ಮರಿ, ಅದೇ ಸದ್ದು, ಅಂತರ ಮಾತ್ರ ಬೇರೆ. ಬಾಲ ಒಳಗೆಳೆದುಕೊಳ್ಳುವುದು, ಮುಖ ತಿರುಗಿಸುವುದು, ನಿದ್ದೆಯಿಲ್ಲದೆ ಆಕಳಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಇಷ್ಟದ ತಿಂಡಿಯನ್ನೇ ಮೂಸದಿರುವುದು, ಇವು ಅಂತರ ಸಾಲದೆಂದು ಮರಿ ಹೇಳುವ ಬಗೆ. ‘ಅಭ್ಯಾಸವಾಗಲಿ’ ಎಂದು ಅಳುವ ಮರಿಯನ್ನು ಜನಜಂಗುಳಿಯ ನಡುವೆ ಇಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪಯಣದ ಮಾತಿಗೆ ಬಂದರೆ, ಮರಿಯ ಜಾಗ ಕಾರಿನೊಳಗೆ, ಎಳೆದೊಯ್ಯುವ ಕ್ಯಾರವಾನಿನಲ್ಲಿ ಅಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ವಾಹನದಲ್ಲಿ ನಾಯಿಯನ್ನು ಸೂಕ್ತವಾಗಿ ಬಂಧಿಸಿಡಬೇಕೆನ್ನುತ್ತದೆ. ಎದೆಪಟ್ಟಿಯಾಗಲಿ ಪಂಜರವಾಗಲಿ ಆದೀತು. ಮರಿಗಳಿಗೆ ಕಾರಿನಲ್ಲಿ ವಾಂತಿ ದೊಡ್ಡ ನಾಯಿಗಳಿಗಿಂತ ಹೆಚ್ಚು. ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದಾಗ ಮೆದುಳಿನ ವಾಂತಿಕೇಂದ್ರ ಕೆರಳುತ್ತದೆ. ಜೊಲ್ಲು ಸುರಿಯುವುದು, ತುಟಿ ನೆಕ್ಕುವುದು ಇದರ ಮುನ್ಸೂಚನೆ. ಎರಡು ಮೂರು ಸಲ ಹೀಗಾದರೆ ಕಾರು ಕಂಡೊಡನೆ ಹೊಟ್ಟೆ ತೊಳಸುವುದನ್ನು ಮರಿ ಕಲಿತುಬಿಡುತ್ತದೆ. ಆದ್ದರಿಂದ ರಜೆಗೆ ಮುಂಚೆಯೇ ಐದು–ಹತ್ತು ನಿಮಿಷದ ಸುತ್ತುಗಳಿಂದ ಆರಂಭಿಸುವುದು ಒಳ್ಳೆಯದು. ಮ್ಯಾರೋಪಿಟಂಟ್ ಎಂಬ ಔಷಧ ವಾಂತಿಯ ಸಂದೇಶವನ್ನು ಮೆದುಳಿನಲ್ಲೇ ತಡೆಯುತ್ತದೆ. ಕೊಡಬೇಕೆ, ಎಷ್ಟು ಕೊಡಬೇಕು ಎಂಬುದು ಪಶುವೈದ್ಯರ ತೀರ್ಮಾನ.

ಇನ್ನು ಬಿಸಿಲು. ಹೊರಗೆ 22 ಡಿಗ್ರಿ ಸೆಲ್ಸಿಯಸ್ ಇದ್ದರೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟಬಹುದೆಂದು ಬ್ರಿಟನ್ನಿನ ಪ್ರಾಣಿದಯಾ ಸಂಘ ಎಚ್ಚರಿಸುತ್ತದೆ. ತೆಳುಗೋಡೆಯ ಕ್ಯಾರವಾನನ್ನೂ ನಂಬುವಂತಿಲ್ಲ. ನಾಯಿ ತಣಿಯುವುದು ಮುಖ್ಯವಾಗಿ ಏದುಸಿರಿನಿಂದ. ಸುತ್ತಲಿನ ಗಾಳಿಯೇ ಬಿಸಿಯಾಗಿ ತೇವ ತುಂಬಿದರೆ ಆ ದಾರಿ ಮುಚ್ಚಿಹೋಗುತ್ತದೆ. ‘ಐದೇ ನಿಮಿಷ ಅಂಗಡಿಗೆ’ ಎಂದು ಒಳಗೆ ಕೂಡಿಹಾಕಿ ಹೋಗಬಾರದು.

ರಾತ್ರಿಯ ಮಟ್ಟಿಗೆ ಗಾಲಿಮನೆ ಅನುಕೂಲವೇ. ಒಡೆಯರು ಕೈಯಳತೆಯಲ್ಲೇ ಮಲಗಿರುವುದರಿಂದ, ತಾಯಿಯನ್ನೂ ಒಡಹುಟ್ಟುಗಳನ್ನೂ ಈಚೆಗೆ ಬಿಟ್ಟುಬಂದ ಮರಿ ಒಂಟಿತನಕ್ಕೆ ಊಳಿಡುವುದು ಕಡಿಮೆ. ನಿದ್ದೆ ಬರೀ ವಿಶ್ರಾಂತಿಯೂ ಅಲ್ಲ. ಬೆಳೆದ ನಾಯಿಗಳು ಹೊಸ ಪಾಠ ಕಲಿತ ಮೇಲೆ ಮಲಗಿದಾಗ ಮೆದುಳಿನ ವಿದ್ಯುತ್ ಅಲೆಗಳು ಬದಲಾಗುವುದನ್ನೂ, ಆ ಬದಲಾವಣೆಗೂ ಕಲಿಕೆಗೂ ನಂಟಿರುವುದನ್ನೂ ಬುಡಾಪೆಸ್ಟ್‌ನ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ದಿನದ ಬಹುಪಾಲು ಮಲಗುವ ಮರಿಯ ಮಧ್ಯಾಹ್ನದ ನಿದ್ದೆಯನ್ನು ಕಡಲತೀರದ ಇನ್ನೊಂದು ಸುತ್ತಿಗಾಗಿ ಕೆಡಿಸದಿರುವುದು ಲೇಸು.

ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯನ್ನು ಕಂಡ ನಮ್ಮ ಮಲೆನಾಡಿನವರಿಗೆ ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಂಥ ಕಡೆಗಳಲ್ಲಿ ಅವು ಲೈಮ್ ರೋಗವನ್ನು ಹೊತ್ತಿರುತ್ತವೆ. ಮರಿ ಪೊದೆಯ ಬಳಿ ಸುಳಿದಿದ್ದರೆ ಸಂಜೆ ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ತಡವಿ ನೋಡಬೇಕು.

ಮೊದಲ ಪ್ರವಾಸ ಮನೆಗೆ ಹತ್ತಿರವಿರಲಿ, ಒಂದೆರಡು ರಾತ್ರಿಗೆ ಮುಗಿಯಲಿ. ತಂಗುದಾಣದ ಸಮೀಪದ ಪಶುವೈದ್ಯರ ದೂರವಾಣಿ ಸಂಖ್ಯೆ ಹೊರಡುವ ಮೊದಲೇ ಕೈಯಲ್ಲಿರಲಿ. ಮರುದಿನವೂ ಮರಿ ಉಣ್ಣದೆ ನಡುಗುತ್ತಿದ್ದರೆ, ಭೇದಿ ಅಥವಾ ವಾಂತಿ ನಿಲ್ಲದಿದ್ದರೆ, ಕಾದು ನೋಡೋಣವೆನ್ನದೆ ವೈದ್ಯರಲ್ಲಿಗೆ ಹೋಗಬೇಕು. ಆರೋಗ್ಯವಾಗಿದ್ದೂ ಬೆದರಿಕೆ ಇಳಿಯದಿದ್ದರೆ ಕ್ಯಾರವಾನಿಗೆ ಕೊಂಡಿ ಹಾಕಿ ಮನೆಗೆ ತಿರುಗುವುದು ಸರಿ. ಕೆಲವು ವಾರ ಬಿಟ್ಟು, ಮನೆಯಂಗಳದಲ್ಲೇ ನಿಲ್ಲಿಸಿದ ಕ್ಯಾರವಾನಿನಲ್ಲಿ ಒಂದು ರಾತ್ರಿ ಮಲಗುವುದರಿಂದ ಮತ್ತೆ ಮೊದಲುಮಾಡಬಹುದು.